ಮಿಲಿಟರಿ ಕೇಸ್‌ಗೆ ಹೊಸ ಪ್ರೈಮರ್ ಕೂರುತ್ತಿಲ್ಲ, ಯಾಕೆ?

ರೀಲೋಡಿಂಗ್‌ನಲ್ಲಿ (ಹಾರಿಸಿದ ಗುಂಡಿನ ಖಾಲಿ ಕೇಸ್ ಮತ್ತೆ ತುಂಬುವುದು) ಹಳೇ ಪ್ರೈಮರ್ (ಕೇಸ್ ತಳದಲ್ಲಿರುವ, ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು) ತೆಗೆದರೂ ಹೊಸದು ಅರ್ಧಕ್ಕೇ ನಿಂತು ಓರೆಯಾಗುತ್ತಿದೆ ಅಂದರೆ, ಪಾಕೆಟ್ (ಪ್ರೈಮರ್ ಕೂರುವ ಗುಳಿ) ಬಾಯಲ್ಲಿ ಕ್ರಿಂಪ್ ಅಂಚು, ಅಂದರೆ ಪ್ರೈಮರ್ ಕಳಚದಂತೆ ಒಳಕ್ಕೆ ಒತ್ತಿದ ಲೋಹ, ಇನ್ನೂ ಇದೆ. ಪ್ರೈಮರ್ ಸುತ್ತ ಉಂಗುರದಂಥ ಒತ್ತು ಕಾಣುತ್ತದಲ್ಲ, ಅದೇ. ಬಲವಂತವಾಗಿ ಒತ್ತಬೇಡಿ, ಸಿಡಿಯಬಹುದು. ಕನ್ನಡಕವಂತೂ ಬೇಕೇ ಬೇಕು. ಸ್ವೇಜ್ ಟೂಲ್‌ನಿಂದ ಅಂಚನ್ನು ಹೊರಕ್ಕೆ ತಳ್ಳಿ, ಇಲ್ಲವೇ ರೀಮರ್‌ನಿಂದ ಕ್ರಿಂಪ್ ಅಷ್ಟನ್ನೇ ಹೆರೆಯಿರಿ. ನನ್ನ ಓಟು ಸ್ವೇಜ್‌ಗೆ: ರೀಮರ್ ಎರಡು ಸುತ್ತು ಹೆಚ್ಚಾದರೂ ಪಾಕೆಟ್ ಸಡಿಲವಾಗಿ ಗ್ಯಾಸ್ ಸೋರುತ್ತದೆ, ಆ ಕೇಸ್ ಗುಜರಿಗೇ. ಕೂತ ಪ್ರೈಮರ್ ಕೇಸ್ ತಳಕ್ಕಿಂತ ಸುಮಾರು 0.1 ಮಿ.ಮೀ. ಒಳಗಿರಬೇಕು, ಬೆರಳಾಡಿಸಿದರೆ ತಗ್ಗು ಗೊತ್ತಾಗುತ್ತದೆ.

ಡಿಕ್ಯಾಪ್‌ಗೆ (ಪಿನ್‌ನಿಂದ ಹಳೇ ಪ್ರೈಮರ್ ತಳ್ಳಿ ತೆಗೆಯುವುದು) ಮೊದಲು ಕೇಸ್ ಒಳಗೆ ಟಾರ್ಚ್ ಬಿಡಿ. ತಳದಲ್ಲಿ ಎರಡು ಸಣ್ಣ ತೂತು ಕಂಡರೆ ಅದು ಬರ್ಡನ್ ಬಗೆಯ ಕೇಸ್. ಪಿನ್ ಮುರಿಯುತ್ತದೆ, ಬಿಟ್ಟುಬಿಡಿ.

ಅಂದಹಾಗೆ, ರೈಫಲ್ ಲೈಸೆನ್ಸ್ ಇದ್ದ ಮಾತ್ರಕ್ಕೆ ರೀಲೋಡಿಂಗ್‌ಗೆ ಅನುಮತಿ ಸಿಕ್ಕಂತಲ್ಲ. ನಿಮ್ಮ ಜಿಲ್ಲೆಯ ಡಿಸಿ ಕಚೇರಿಯಲ್ಲಿ ಮೊದಲೇ ವಿಚಾರಿಸಿ.