ವೃತ್ತಿಪರ ಎಂಎಂಎ ಫೈಟರ್ ಜೀವನ ನಿಜವಾಗಿ ಹೇಗಿರುತ್ತದೆ? 19ನೇ ವಯಸ್ಸಿನಲ್ಲಿ ಇದನ್ನೇ ನಂಬಿಕೊಂಡು ಹೋಗಬಹುದಾ?

ಒಂದು ವರ್ಷದಿಂದ ಜಿಮ್‌ನಲ್ಲಿ ಎಂಎಂಎ, ಅಂದರೆ ಕುಸ್ತಿ, ಬಾಕ್ಸಿಂಗ್, ಕಿಕ್ ಎಲ್ಲಾ ಸೇರಿದ ಹೊಡೆದಾಟದ ಆಟ, ಕಲಿಯುತ್ತಿದ್ದೀರಿ, ಕೋಚ್ ‘ನಿನ್ನಲ್ಲಿ ದಮ್ ಇದೆ’ ಅಂದಿದ್ದಾರೆ, ಓದು ಬಿಟ್ಟು ಪೂರ್ತಿ ಇದಕ್ಕೇ ಇಳಿಯೋಣ ಅನ್ನಿಸುತ್ತಿದೆ ಅಂತ ಬರೆದು, ದುಡ್ಡಿನ ಬಗ್ಗೆಯೂ ಕೇಳಿದ್ದೀರಿ. ನಾನು ಒಂಬತ್ತು ವರ್ಷ ವೃತ್ತಿಪರ ಫೈಟರ್ ಆಗಿದ್ದೆ. 61 ಕಿಲೋ ವಿಭಾಗ. 11 ಫೈಟ್, ಆರು ಗೆಲುವು, ಐದು ಸೋಲು. ಟಿವಿಯಲ್ಲಿ ನೋಡುವ ದೊಡ್ಡ ವೇದಿಕೆಯವರೆಗೆ ನಾನು ಹೋಗಲಿಲ್ಲ. ಈಗ ಬೇರೆಯವರ ಫೈಟ್‌ಗೆ, ಸುತ್ತುಗಳ ನಡುವೆ ಸಲಹೆ ಕೊಡುವವನಾಗಿ ಕಾರ್ನರ್‌ನಲ್ಲಿ ನಿಲ್ಲುತ್ತೇನೆ. ಕೇಜಿನ (ಫೈಟ್ ನಡೆಯುವ ಜಾಲರಿ ಅಂಗಳದ) ಒಳಗಿಂದಲೂ ಹೊರಗಿಂದಲೂ ನೋಡಿದ್ದನ್ನು ಹೇಳುತ್ತೇನೆ.

ಮೊದಲು ಒಂದು ಸಣ್ಣ ಲೆಕ್ಕ. ಒಂದು ಸುತ್ತು 5 ನಿಮಿಷ, ಒಟ್ಟು ಮೂರು ಸುತ್ತು, ನಡುವೆ ಒಂದೊಂದು ನಿಮಿಷ ವಿರಾಮ. ಚಾಂಪಿಯನ್‌ಶಿಪ್ ಫೈಟ್ ಆದರೆ 5 ಸುತ್ತು. ನನ್ನ 11 ಫೈಟ್‌ಗಳೂ ಕೊನೇ ಗಂಟೆ ಹೊಡೆಯೋವರೆಗೆ ನಡೆದಿದ್ದವು ಅಂತಲೇ ಇಟ್ಟುಕೊಳ್ಳಿ. ಆಗಲೂ ಒಂಬತ್ತು ವರ್ಷದಲ್ಲಿ ನಾನು ಕೇಜ್‌ನಲ್ಲಿ ಹೊಡೆದಾಡಿದ್ದು ಮೂರು ಗಂಟೆಗಿಂತ ಕಡಿಮೆ. ಉಳಿದದ್ದೆಲ್ಲ ಜಿಮ್. ಜನ ನೋಡೋದು ಆ ಮೂರು ಗಂಟೆಯನ್ನು. ಫೈಟರ್ ಬದುಕೋದು ಉಳಿದ ಒಂಬತ್ತು ವರ್ಷವನ್ನು. ದೇಹ ಹಾಳಾಗೋದು, ಉಳಿಯೋದು ಎರಡೂ ಅಲ್ಲೇ ತೀರ್ಮಾನ ಆಗುತ್ತದೆ.

ದಿನ ಹೇಗಿರುತ್ತದೆ ಅಂದರೆ, ಬೆಳಿಗ್ಗೆ ಒಂದು ಪಾಳಿ, ಸಂಜೆ ಒಂದು ಪಾಳಿ. ಒಂದರಲ್ಲಿ ಕುಸ್ತಿ ಅಥವಾ ಜಿಯು-ಜಿತ್ಸು (ನೆಲದ ಮೇಲೆ ಹಿಡಿತ ಹಾಕುವ ವಿದ್ಯೆ), ಇನ್ನೊಂದರಲ್ಲಿ ಬಾಕ್ಸಿಂಗ್, ಕಿಕ್. ನಡುವೆ ಊಟ, ನಿದ್ದೆ, ಐಸ್. ಫೈಟ್ ನಿಗದಿಯಾದರೆ ಸುಮಾರು ಎಂಟು ವಾರದ ಕ್ಯಾಂಪ್. ಆ ಎಂಟು ವಾರ ಮದುವೆ, ಹಬ್ಬ, ಗೆಳೆಯರು ಏನೂ ಇಲ್ಲ. ಒಂದು ವಿದ್ಯೆ ಚೆನ್ನಾಗಿ ಬಂದರೆ ಸಾಕು ಅನ್ನೋ ಕಾಲ ಹೋಯಿತು. 1993ರ ನವೆಂಬರ್‌ನಲ್ಲಿ ಡೆನ್ವರ್‌ನಲ್ಲಿ ಯುಎಫ್‌ಸಿ ಅನ್ನುವ ಎಂಎಂಎ ಸಂಸ್ಥೆಯ ಮೊದಲ ಪಂದ್ಯಾವಳಿ ನಡೆದಾಗ ಜಿಯು-ಜಿತ್ಸು ಆಟಗಾರ ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಸೋಲಿಸಿದ್ದರು. ಅವರಿಗೆ ನೆಲದ ಮೇಲಿನ ಆಟ ಗೊತ್ತಿತ್ತು, ಎದುರಿನವರಿಗೆ ಅಷ್ಟು ಗೊತ್ತಿರಲಿಲ್ಲ, ಅಷ್ಟೇ. ರೋಂಡಾ ರೌಸಿ 2008ರ ಒಲಿಂಪಿಕ್ಸ್‌ನಲ್ಲಿ ಜೂಡೋ ಕಂಚು ಗೆದ್ದವರು, ಎಷ್ಟೋ ಎದುರಾಳಿಗಳನ್ನು ನಿಮಿಷದೊಳಗೆ ಮುಗಿಸುತ್ತಿದ್ದರು. 2015ರಲ್ಲಿ ಮೆಲ್ಬರ್ನ್‌ನಲ್ಲಿ ಬಾಕ್ಸಿಂಗ್‌ನಿಂದ ಬಂದ ಹಾಲಿ ಹೋಮ್ ದೂರ ಕಾಯ್ದುಕೊಂಡು ಹೊಡೆದಾಗ ರೌಸಿ ಹತ್ತಿರ ಉತ್ತರವೇ ಇರಲಿಲ್ಲ. ಎಲ್ಲಾ ಕಲಿಯಬೇಕು. ಅದಕ್ಕೆ ವರ್ಷಗಳು ಬೇಕು.

ಈಗ ನಿಜವಾಗಿ ಹೇಳಬೇಕಾದದ್ದು. ಸ್ಪಾರಿಂಗ್.

ನಾನು ಶುರು ಮಾಡಿದಾಗ ನಮ್ಮ ಜಿಮ್‌ನಲ್ಲಿ ವಾರಕ್ಕೆ ಮೂರು ದಿನ ಜೋರು ಸ್ಪಾರಿಂಗ್, ಅಂದರೆ ಜೊತೆಯವರೊಂದಿಗೆ ಅಭ್ಯಾಸದ ಹೊಡೆದಾಟ, ಇರುತ್ತಿತ್ತು. ಯಾರಾದರೂ ಕುಸಿದರೆ ಸುತ್ತ ನಿಂತವರು ಚಪ್ಪಾಳೆ ತಟ್ಟುತ್ತಿದ್ದರು. ಎರಡನೇ ವರ್ಷ ಒಂದು ಸಂಜೆ ಎಡಗಡೆಯಿಂದ ಬಂದ ಹುಕ್ (ಪಕ್ಕದಿಂದ ಬೀಸುವ ಗುದ್ದು) ದವಡೆಗೆ ಸರಿಯಾಗಿ ತಾಗಿತು. ಬೀಳಲಿಲ್ಲ. ಸುತ್ತು ಮುಗಿಸಿದೆ, ಸ್ನಾನ ಮಾಡಿದೆ, ಬಟ್ಟೆ ಬದಲಿಸಿದೆ. ಹೊರಗೆ ಬಂದು ಬೈಕ್‌ಗಳ ಸಾಲಿನ ಮುಂದೆ ನಿಂತೆ. ಕೀ ಕೈಯಲ್ಲೇ ಇತ್ತು. ಅದರಲ್ಲಿ ನನ್ನ ಬೈಕ್ ಯಾವುದು ಅಂತ ಗೊತ್ತಾಗಲಿಲ್ಲ. ಹತ್ತು ನಿಮಿಷ ಹಾಗೇ ನಿಂತಿದ್ದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಹೆದರಿದೆ ಅಂದುಕೊಳ್ಳುತ್ತಾರೆ ಅಂತ ಭಯ. ಮರುದಿನ ಮತ್ತೆ ಹೋಗಿ ಸ್ಪಾರಿಂಗ್ ಮಾಡಿದೆ. ಅದನ್ನು ನೆನೆದರೆ ಇವತ್ತಿಗೂ ಮೈ ಜುಂ ಅನ್ನುತ್ತದೆ.

ಫೈಟ್‌ನಲ್ಲಿ ನಾಕೌಟ್ ಆದರೆ ಪಕ್ಕದಲ್ಲೇ ವೈದ್ಯರಿರುತ್ತಾರೆ. 30 ದಿನ, 60 ದಿನ, ಕೆಲವೊಮ್ಮೆ 90 ದಿನ ಆಡಬಾರದು ಅಂತ ಬರೆದು ಕೊಡುತ್ತಾರೆ. ಜಿಮ್‌ನಲ್ಲಿ ಬಿದ್ದ ಏಟಿಗೆ ಲೆಕ್ಕ ಇಡುವವರು ಯಾರೂ ಇಲ್ಲ. ಆದರೆ ಮಿದುಳು ಲೆಕ್ಕ ಇಡುತ್ತದೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು 2011ರಿಂದ ಬಾಕ್ಸರ್‌ಗಳ, ಎಂಎಂಎ ಫೈಟರ್‌ಗಳ ಮಿದುಳನ್ನು ಸ್ಕ್ಯಾನ್ ಮಾಡಿ ಗಮನಿಸುತ್ತಾ ಬಂದಿದ್ದಾರೆ. ಹೆಚ್ಚು ವರ್ಷ, ಹೆಚ್ಚು ಫೈಟ್ ಆಡಿದವರಲ್ಲಿ ಮಿದುಳಿನ ಕೆಲವು ಭಾಗ ಕುಗ್ಗಿರುವುದು, ಯೋಚನೆಯ ವೇಗ ತಗ್ಗಿರುವುದು ಅವರಿಗೆ ಕಂಡಿದೆ.

ಜೋರಾಗಿ ಸ್ಪಾರಿಂಗ್ ಮಾಡದೆ ಗಟ್ಟಿ ಆಗೋಕಾಗಲ್ಲ ಅಂತ ಯಾರಾದರೂ ಹೇಳಿದರೆ ಯುಎಫ್‌ಸಿ ಮಾಜಿ ಚಾಂಪಿಯನ್ ಮ್ಯಾಕ್ಸ್ ಹಾಲೊವೇ ಕಡೆ ಕೈ ತೋರಿಸಿ. ಕೋವಿಡ್ ಸಮಯದಿಂದ ಅವರು ಸ್ಪಾರಿಂಗ್ ಹೆಚ್ಚುಕಡಿಮೆ ಬಿಟ್ಟೇಬಿಟ್ಟಿದ್ದರು. 2021ರ ಜನವರಿಯಲ್ಲಿ ಕ್ಯಾಲ್ವಿನ್ ಕೇಟರ್ ಮೇಲೆ ಐದು ಸುತ್ತಿನಲ್ಲಿ 445 ಏಟು ತಾಗಿಸಿದರು. ಯುಎಫ್‌ಸಿಯಲ್ಲಿ ಒಂದು ಫೈಟ್‌ನಲ್ಲಿ ಅಷ್ಟು ಏಟು ಅಲ್ಲಿಯವರೆಗೆ ಯಾರೂ ಹೊಡೆದಿರಲಿಲ್ಲ. ಹಾಲೊವೇಗೆ ಆಗಲೇ ವರ್ಷಗಳ ಅನುಭವ ಇತ್ತು, ಹೊಸಬರು ಪೂರ್ತಿ ಬಿಡೋಕಾಗಲ್ಲ, ಅದು ನಿಜ. ಆದರೆ ದೂರ, ಸಮಯ, ಕಾಲಿನ ಚಲನೆ ಇವೆಲ್ಲ ಮೆಲ್ಲಗೆ ಆಡಿಯೂ ಬರುತ್ತವೆ. ತಲೆಗೆ ಬೀಳುವ ಪ್ರತಿ ಏಟೂ ಖರ್ಚು. ಅದನ್ನು ಮಂಗಳವಾರದ ಸಂಜೆ, ಯಾರೂ ನೋಡದ ಕಡೆ, ಪುಕ್ಕಟೆ ಯಾಕೆ ಖರ್ಚು ಮಾಡಬೇಕು?

ಎರಡನೇ ಖರ್ಚು ತೂಕ ಇಳಿಸೋದು. ನಾವು ಇದನ್ನು ಕಟ್ ಅಂತೀವಿ. ನನ್ನ ವಿಭಾಗದ ಮಿತಿ 61.2 ಕಿಲೋ. ಮಾಮೂಲಿ ದಿನಗಳಲ್ಲಿ ನಾನು 70 ಇರುತ್ತಿದ್ದೆ. ಕ್ಯಾಂಪ್‌ನಲ್ಲಿ ಊಟ ಕಡಿಮೆ ಮಾಡಿ 66ಕ್ಕೆ ಬರುತ್ತಿದ್ದೆ. ಉಳಿದದ್ದು ನೀರು. ತೂಕ ನೋಡೋದು ಫೈಟ್‌ನ ಹಿಂದಿನ ದಿನ ಬೆಳಿಗ್ಗೆ. ಒಮ್ಮೆ ತಕ್ಕಡಿಯಿಂದ ಇಳಿದರೆ ಮತ್ತೆ ನೀರು, ಉಪ್ಪು, ಅನ್ನ ತುಂಬಿಕೊಳ್ಳೋಕೆ ಒಂದು ದಿನ ಸಿಗುತ್ತದೆ. ಹಾಗಾಗಿ ಎಲ್ಲರೂ ಇಳಿಸುತ್ತಾರೆ. ನೀವು ಇಳಿಸದಿದ್ದರೆ ಎದುರಿಗೆ ನಿಮಗಿಂತ ದಪ್ಪ ಇರುವವನು ನಿಂತಿರುತ್ತಾನೆ.

ನನ್ನ ಐದನೇ ಫೈಟ್‌ಗೆ ಬೆಳಗಿನ ನಾಲ್ಕು ಗಂಟೆಗೆ ಇನ್ನೂ 800 ಗ್ರಾಂ ಬಾಕಿ ಇತ್ತು. ಬಿಸಿನೀರು ತುಂಬಿದ ಟಬ್‌ನಲ್ಲಿ ಕುತ್ತಿಗೆವರೆಗೆ ಮುಳುಗಿ ಹತ್ತು ನಿಮಿಷ, ಆಮೇಲೆ ಟವೆಲ್, ಕಂಬಳಿ ಸುತ್ತಿಕೊಂಡು ಹತ್ತು ನಿಮಿಷ. ಕೋಚ್ ಪಕ್ಕದಲ್ಲಿ ಕೂತು ಗಡಿಯಾರ ನೋಡುತ್ತಿದ್ದರು. ಮೂರನೇ ಸಲಕ್ಕೆ ಬೆವರು ನಿಂತುಹೋಯಿತು. ಮೈ ಸುಡುತ್ತಿದೆ, ಚರ್ಮ ಒಣಗಿದೆ. ನಾಲಿಗೆ ಅಂಗುಳಿಗೆ ಅಂಟಿಕೊಂಡು ಮಾತೇ ಬರುತ್ತಿಲ್ಲ. ಕೋಚ್ ಬಾಟಲಿಯ ಮುಚ್ಚಳದಲ್ಲಿ ನೀರು ಹಾಕಿ ತುಟಿಗೆ ತಾಗಿಸಿದರು, ಬಾಯಿ ಒದ್ದೆ ಮಾಡಿಕೊಂಡು ಉಗುಳಿದೆ. ತೂಕ ಸರಿಯಾಯಿತು. ಮರುದಿನ ಫೈಟ್ ಕೂಡ ಗೆದ್ದೆ. ಫೋಟೋದಲ್ಲಿ ನಗುತ್ತಿದ್ದೇನೆ. ಆದರೆ ಆ ಬೆಳಿಗ್ಗೆ ನಾನು ಸಾವಿನ ಎಷ್ಟು ಹತ್ತಿರ ಇದ್ದೆ ಅಂತ ಆಗ ಅರ್ಥ ಆಗಿರಲಿಲ್ಲ.

ಇದು ಉತ್ಪ್ರೇಕ್ಷೆ ಅಲ್ಲ. 2015ರ ಡಿಸೆಂಬರ್‌ನಲ್ಲಿ ಯಾಂಗ್ ಜಿಯಾನ್ ಬಿಂಗ್ ಅನ್ನುವ 21 ವರ್ಷದ ಚೀನೀ ಫೈಟರ್ ಮನಿಲಾದಲ್ಲಿ ತೂಕ ಇಳಿಸುವಾಗಲೇ ಕುಸಿದು ತೀರಿಹೋದರು. ಅದಾದ ಮೇಲೆ ಆ ಫೈಟ್ ನಡೆಸುತ್ತಿದ್ದ ಒನ್ ಚಾಂಪಿಯನ್‌ಶಿಪ್ ಸಂಸ್ಥೆ ನಿಯಮ ಬದಲಿಸಿತು. ಮೈಯಲ್ಲಿ ನೀರಿನ ಅಂಶ ಸಾಕಷ್ಟು ಇದೆಯಾ ಅಂತ ಮೂತ್ರ ಪರೀಕ್ಷೆ ಮಾಡಿದ ಮೇಲೇ ತೂಕ ಒಪ್ಪುವ ಪದ್ಧತಿ ತಂದರು. ಎಲ್ಲಾ ಸಂಸ್ಥೆಗಳೂ ಇದನ್ನು ಮಾಡಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ನನ್ನ ಕೈಕೆಳಗೆ ಕಲಿಯುವವರಿಗೆ ನಾನು 5 ಕಿಲೋ ನೀರು ಇಳಿಸೋಕೆ ಬಿಡೋದಿಲ್ಲ. ಒಂದು ವಿಭಾಗ ಮೇಲೆ ಆಡಲಿ, ಬೇಕಿದ್ದರೆ ಸೋಲಲಿ.

ದುಡ್ಡಿನ ಬಗ್ಗೆ ಕೇಳಿದ್ದೀರಿ. ಸಂಬಳ ಅಂತ ಇಲ್ಲ. ಆಡಿದರೆ ಉಂಟು, ಆಡದಿದ್ದರೆ ಇಲ್ಲ. ಸಾಮಾನ್ಯವಾಗಿ ಕೇಜ್‌ಗೆ ಇಳಿದಿದ್ದಕ್ಕೆ ಒಂದಿಷ್ಟು, ಗೆದ್ದರೆ ಅಷ್ಟೇ ಮತ್ತೊಮ್ಮೆ. ಅಂದರೆ ತೀರ್ಪುಗಾರರು ಮೂವರಲ್ಲಿ ಇಬ್ಬರು ಆಕಡೆ ವಾಲಿದರೆ ನಿಮ್ಮ ಅರ್ಧ ಗಳಿಕೆ ಹೋಯಿತು. ಜಗತ್ತಿನ ಅತಿ ದೊಡ್ಡ ಸಂಸ್ಥೆ ಯುಎಫ್‌ಸಿಯಲ್ಲೇ ಹೊಸಬರಿಗೆ ಇತ್ತೀಚಿನ ವರ್ಷಗಳಲ್ಲಿ ಸಿಗುತ್ತಿದ್ದದ್ದು ಸುಮಾರು 12 ಸಾವಿರ ಡಾಲರ್, ಗೆದ್ದರೆ ಇನ್ನೊಂದು 12 ಸಾವಿರ. ವರ್ಷಕ್ಕೆ ಎರಡೋ ಮೂರೋ ಫೈಟ್ ಸಿಗಬಹುದು. ಅದರಲ್ಲಿ ಕೋಚ್, ಮ್ಯಾನೇಜರ್, ಜಿಮ್, ತೆರಿಗೆ ಎಲ್ಲರ ಪಾಲೂ ಹೋಗಬೇಕು. ತೂಕ ತಪ್ಪಿದರೆ ನಿಮ್ಮ ಹಣದ ಐದನೇ ಒಂದು ಭಾಗವೋ ಇನ್ನೂ ಜಾಸ್ತಿಯೋ ಎದುರಾಳಿಗೆ ಹೋಗುತ್ತದೆ. ಕ್ಯಾಂಪ್‌ನಲ್ಲಿ ಮಂಡಿ ತಿರುಚಿದರೆ ಎಂಟು ವಾರದ ಖರ್ಚು ನಿಮ್ಮದೇ. ಫೈಟರ್‌ಗಳು ನೌಕರರಲ್ಲ, ಗುತ್ತಿಗೆಯವರು. ಕಡಿಮೆ ಹಣ ಕೊಟ್ಟರು ಅಂತ ಹಳೆಯ ಫೈಟರ್‌ಗಳು 2014ರಲ್ಲಿ ಯುಎಫ್‌ಸಿ ಮೇಲೆ ಹಾಕಿದ್ದ ಕೇಸು 375 ಮಿಲಿಯನ್ ಡಾಲರ್‌ಗೆ ರಾಜಿ ಆಗೋಕೆ ಹತ್ತು ವರ್ಷ ಹಿಡಿಯಿತು.

ಅದಕ್ಕೇ ಓದು ಬಿಡಬೇಡಿ ಅನ್ನುತ್ತೇನೆ. ಸ್ಟೀಪೆ ಮಿಯೋಚಿಚ್ ಯುಎಫ್‌ಸಿ ಹೆವಿವೇಟ್ ಚಾಂಪಿಯನ್ ಆಗಿದ್ದಾಗಲೂ ಒಹಾಯೋದಲ್ಲಿ ಅಗ್ನಿಶಾಮಕ ದಳದ ಕೆಲಸ ಬಿಟ್ಟಿರಲಿಲ್ಲ. ಜಗತ್ತಿನ ಅತಿ ಬಲಿಷ್ಠ ಮನುಷ್ಯರಲ್ಲಿ ಒಬ್ಬರು ಪಾಳಿ ಕೆಲಸ ಮಾಡುತ್ತಿದ್ದರು. ನಾನು ಒಂಬತ್ತು ವರ್ಷವೂ ಬೆಳಿಗ್ಗೆ ಜನರಿಗೆ ವ್ಯಾಯಾಮ ಹೇಳಿಕೊಟ್ಟೇ ಮನೆ ನಡೆಸಿದೆ. ಕೈಯಲ್ಲಿ ಇನ್ನೊಂದು ಕೆಲಸ ಇದ್ದವನು ಕೆಟ್ಟ ಫೈಟ್‌ಗೆ ‘ಬೇಡ’ ಅನ್ನಬಲ್ಲ. ಬಾಡಿಗೆ ಕಟ್ಟೋಕೆ ದುಡ್ಡಿಲ್ಲದವನು ಹತ್ತು ದಿನದ ನೋಟಿಸ್‌ನಲ್ಲಿ, ಪೆಟ್ಟಾದ ಪಕ್ಕೆಲುಬಿನಲ್ಲೇ ಹೂಂ ಅನ್ನುತ್ತಾನೆ. ನಾನು ಇದನ್ನು ಕಣ್ಣಾರೆ ನೋಡಿದ್ದೇನೆ.

ಸೋಲಿನ ಬಗ್ಗೆ ಯಾರೂ ಮುಂಚೆ ಹೇಳೋದಿಲ್ಲ. ಯುಎಫ್‌ಸಿ ಚಾಂಪಿಯನ್ ಖಬೀಬ್ ನುರ್ಮಗೊಮೆದೊವ್ 29 ಆಡಿ 29 ಗೆದ್ದು 2020ರಲ್ಲಿ ನಿಲ್ಲಿಸಿದರು. ಎಲ್ಲರೂ ಅವರ ಕತೆ ಹೇಳುತ್ತಾರೆ, ಆದರೆ ಆ ಕತೆ ಒಬ್ಬರದೇ. ನನಗೆ ಬೇಕಾಗಿದ್ದ ಕತೆ ಚಾರ್ಲ್ಸ್ ಒಲಿವೇರಾ ಅವರದು. 2010ರಲ್ಲಿ ಯುಎಫ್‌ಸಿಗೆ ಬಂದರು, ಹಲವು ಸಲ ಸೋತರು, ತೂಕದ ಮಿತಿಯನ್ನೂ ಮೀರಿದರು, ಇವರಿಂದ ಆಗಲ್ಲ ಅಂತ ಜನ ಕೈಬಿಟ್ಟಿದ್ದರು. 2021ರಲ್ಲಿ ಚಾಂಪಿಯನ್ ಆದರು. ಹನ್ನೊಂದು ವರ್ಷ. ಸೋತ ರಾತ್ರಿ ಡ್ರೆಸಿಂಗ್ ರೂಮಿನಲ್ಲಿ ಕೈಗೆ ಸುತ್ತಿದ ಟೇಪನ್ನು ಕತ್ತರಿಯಲ್ಲಿ ಕತ್ತರಿಸುತ್ತಾರಲ್ಲ, ಆ ಸದ್ದು ನನಗೆ ಈಗಲೂ ಕೇಳಿಸುತ್ತದೆ. ಯಾರೂ ಮಾತಾಡೋದಿಲ್ಲ. ಕಾರಿಡಾರಿನ ಆಚೆ ಕೋಣೆಯಲ್ಲಿ ಗೆದ್ದವನ ಕಡೆಯವರು ಕೂಗುತ್ತಿರುತ್ತಾರೆ.

ನನ್ನ ಏಳನೇ ಫೈಟ್. ಎರಡನೇ ಸುತ್ತು ಮುಗಿದು ಸ್ಟೂಲ್ ಮೇಲೆ ಕೂತೆ. ಎಡಗಣ್ಣು ಊದಿ ಮುಚ್ಚಿತ್ತು. ಕೋಚ್ ಮುಖದ ಹತ್ತಿರ ಬಂದು ಮೆಲ್ಲಗೆ ಕೇಳಿದರು: ‘ಎಷ್ಟನೇ ಸುತ್ತು ಮುಗೀತು?’ ‘ಒಂದು’ ಅಂದೆ. ಅವರು ಇನ್ನೇನೂ ಕೇಳಲಿಲ್ಲ. ಎದ್ದು ರೆಫರಿ ಕಡೆ ತಿರುಗಿ ಕೈ ಬೀಸಿದರು. ಫೈಟ್ ಮುಗಿಯಿತು. ಎಲ್ಲರ ಎದುರೇ ನಾನು ಅವರ ಮೇಲೆ ಕೂಗಾಡಿದೆ. ಎರಡು ತಿಂಗಳು ಅವರ ಜೊತೆ ಮಾತು ಬಿಟ್ಟಿದ್ದೆ. ಅಂಕದಲ್ಲಿ ನಾನು ಹಿಂದೆ ಇರಲಿಲ್ಲ, ಮೂರನೇ ಸುತ್ತು ಗೆಲ್ಲಬಹುದಿತ್ತು ಅನ್ನೋದೇ ತಲೆಯಲ್ಲಿ. ಆಮೇಲೆ ಒಂದು ದಿನ ವಿಡಿಯೋ ಹಾಕಿ ನೋಡಿದೆ. ಎರಡನೇ ಸುತ್ತಿನ ಕೊನೆಯ ಒಂದೂವರೆ ನಿಮಿಷ ನನ್ನ ಕೈ ಕೆಳಗೇ ಇದೆ, ಕಣ್ಣಿನಲ್ಲಿ ಯಾರೂ ಇಲ್ಲ. ಅದರಲ್ಲಿ ಒಂದು ಕ್ಷಣವೂ ನನಗೆ ನೆನಪಿಲ್ಲ. ಅವರ ಮನೆಗೆ ಹೋಗಿ ಕಾಲು ಮುಟ್ಟಿದೆ.

ಮೈಕೆಲ್ ಬಿಸ್ಪಿಂಗ್ 2013ರಲ್ಲಿ ಬಲಗಣ್ಣಿಗೆ ಬಿದ್ದ ಪೆಟ್ಟಿನಿಂದ ಆ ಕಣ್ಣಿನ ದೃಷ್ಟಿ ಕಳೆದುಕೊಂಡರೂ ಅದನ್ನು ಮುಚ್ಚಿಟ್ಟು ಆಡಿದರು. 2016ರಲ್ಲಿ ಎರಡೂವರೆ ವಾರದ ನೋಟಿಸ್‌ನಲ್ಲಿ ಯುಎಫ್‌ಸಿ ಚಾಂಪಿಯನ್ ಕೂಡ ಆದರು. ಅವರ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ಆದರೆ ನನ್ನ ಹುಡುಗನೊಬ್ಬ ಹಾಗೆ ಮಾಡಿದರೆ ಅವನನ್ನು ಕೇಜ್ ಹತ್ತಿರಕ್ಕೂ ಬಿಡೋದಿಲ್ಲ. ಕಾರ್ನರ್‌ಗೆ ಬಂದ ಮೇಲೆ ಇಲ್ಲಿಯವರೆಗೆ ಎರಡು ಫೈಟ್ ನಿಲ್ಲಿಸಿದ್ದೇನೆ. ಎರಡೂ ಸಲ ಹುಡುಗರು ನನ್ನ ಮೇಲೆ ಕೂಗಾಡಿದರು. ಒಬ್ಬ ಇನ್ನೂ ಮಾತಾಡುತ್ತಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಆಡಬೇಡಿ ಅನ್ನೋದಿಲ್ಲ. ಕೇಜಿನ ಬಾಗಿಲು ಹಾಕಿ ಚಿಲಕ ಬಿದ್ದಾಗ ಒಳಗೆ ಆಗುವ ಆ ಪೂರ್ತಿ ನಿಶ್ಶಬ್ದ ಇದೆಯಲ್ಲ, ಅದು ನನಗೆ ಬೇರೆಲ್ಲೂ ಸಿಕ್ಕಿಲ್ಲ. ನಿಮಗೆ 19. ಇನ್ನೂ ಎರಡು ಮೂರು ವರ್ಷ ಅಮೆಚೂರ್ (ಹವ್ಯಾಸಿ) ಆಗಿ ಆಡಿ, ಓದು ಮುಗಿಸಿ. ನಿಮ್ಮ ಕೋಚ್ ದಮ್ ಇದೆ ಅಂದಿದ್ದಾರಲ್ವಾ, ನಾಳೆ ಹೋದಾಗ ಅವರನ್ನು ಒಂದು ಮಾತು ಕೇಳಿ: ಇಲ್ಲಿಯವರೆಗೆ ಎಷ್ಟು ಫೈಟ್ ನಡುವೆ ನಿಲ್ಲಿಸಿದ್ದೀರಿ, ಯಾಕೆ? ಆ ಹುಡುಗನ ಹೆಸರು, ಸುತ್ತು, ಅವನ ಕಣ್ಣು ಹೇಗಿತ್ತು ಅಂತ ಎಲ್ಲ ನೆನಪಿಟ್ಟು ಹೇಳಿದರೆ ಆ ಜಿಮ್ ಬಿಡಬೇಡಿ. ‘ನಮ್ಮಲ್ಲಿ ಯಾರೂ ಅರ್ಧಕ್ಕೆ ಬಿಡಲ್ಲ’ ಅಂದರೆ ಬೇರೆ ಜಿಮ್ ಹುಡುಕಿ.