ಪೈಪೋಟಿಯ ಜರ್ನಲ್ ಪ್ರಕಾಶಕರು ಕೈಜೋಡಿಸುವುದು ಎಲ್ಲಿ?

ನಿಮ್ಮ ಪ್ರಶ್ನೆ ಹೀಗಿದೆ: ಜರ್ನಲ್ ಪ್ರಕಾಶಕರು ಒಬ್ಬರಿಗೊಬ್ಬರು ಪೈಪೋಟಿಗಾರರು. ಸಂಶೋಧನೆ ನಂಬುವಂತಿರಲು, ಎಲ್ಲರಿಗೂ ಸಿಗುವಂತಿರಲು ಅವರು ಒಟ್ಟಾಗಿ ಏನು ಮಾಡುತ್ತಾರೆ? ಹೊಸ ಜರ್ನಲ್ ಶುರುಮಾಡುವವರು ಎಲ್ಲಿಂದ ಸೇರಿಕೊಳ್ಳಬೇಕು?

ಒಳ್ಳೆಯ ಲೇಖನಗಳಿಗಾಗಿ ಪೈಪೋಟಿ ಇದ್ದೇ ಇದೆ. ಆದರೆ ಲೇಖನದ ವಿವರ, ಅಂದರೆ ಮೆಟಾಡೇಟಾ, ಎಲ್ಲರ ಸೊತ್ತಾಗದೆ ನಂಬಿಕೆ ಹುಟ್ಟುವುದಿಲ್ಲ. ಇದನ್ನು ಅರಿತೇ 2000ದಲ್ಲಿ ಪ್ರಕಾಶಕರು ಸೇರಿ ಕ್ರಾಸ್‌ರೆಫ್ ಎಂಬ ಲಾಭರಹಿತ ಸಂಸ್ಥೆ ಕಟ್ಟಿದರು. ಅದಿಲ್ಲದಿದ್ದರೆ ಉಲ್ಲೇಖ ಪಟ್ಟಿಯಿಂದ ಬೇರೆಯವರ ಲೇಖನಕ್ಕೆ ಲಿಂಕ್ ಕೊಡಲು ಪ್ರತಿಯೊಬ್ಬರ ಜತೆಗೂ ಬೇರೆಬೇರೆ ಒಪ್ಪಂದ ಬೇಕಾಗುತ್ತಿತ್ತು. ಈಗ ಒಂದೇ ಸಾಕು.

ಕ್ರಾಸ್‌ರೆಫ್‌ನಲ್ಲಿ ಪ್ರತಿ ಲೇಖನಕ್ಕೂ ನೋಂದಾಯಿಸುವ ಶಾಶ್ವತ ಗುರುತಿನ ಸಂಖ್ಯೆಯೇ ಡಿಒಐ. 10.5555/12345678 ಎಂಬ ಡಿಒಐ ನೋಡಿ. ಓರೆಗೆರೆಯ ಮುಂಚಿನದು ಪ್ರಕಾಶಕರಿಗೆ ಕೊಟ್ಟ ಪೂರ್ವಸಂಖ್ಯೆ (ಇಲ್ಲಿರುವುದು ಪರೀಕ್ಷೆಗೆಂದು ಮೀಸಲಿಟ್ಟದ್ದು), ನಂತರದ್ದು ಲೇಖನದ್ದು. ಜರ್ನಲ್ ಬೇರೆಯವರ ಕೈಗೆ ಹೋದರೂ ಈ ಸಂಖ್ಯೆ ಬದಲಾಗಬಾರದು. ಅದು ತೋರಿಸುವ ವೆಬ್ ವಿಳಾಸವನ್ನಷ್ಟೇ ತಿದ್ದಬೇಕು. ಹೊಸ ಪ್ರಕಾಶಕರು ಹಳೆಯ ಲೇಖನಕ್ಕೆ ಹೊಸ ಡಿಒಐ ಹಾಕಿದರೆ ಒಂದೇ ಲೇಖನ ಎರಡಾಗಿ ಕಂಡು, ಉಲ್ಲೇಖಗಳ ಎಣಿಕೆಯೂ ಹರಿದುಹೋಗುತ್ತದೆ. ನೋಂದಣಿಗೆ ಮೊದಲೇ ಪಿಡಿಎಫ್‌ನಲ್ಲಿ ಡಿಒಐ ಅಚ್ಚುಹಾಕುವುದು ಇನ್ನೊಂದು ತಪ್ಪು. ಓದುಗರು ಒತ್ತಿದರೆ ಲಿಂಕ್ ತೆರೆಯುವುದಿಲ್ಲ.

ಕೃತಿಚೌರ್ಯದ ತಪಾಸಣೆಯೂ ಹಂಚಿಕೊಂಡ ಕೆಲಸವೇ. ಕ್ರಾಸ್‌ರೆಫ್ ಸದಸ್ಯರು ತಮ್ಮ ಪೂರ್ಣಪಠ್ಯವನ್ನು ಹೋಲಿಕೆಗೆ ಒಪ್ಪಿಸುತ್ತಾರೆ, ಐಥೆಂಟಿಕೇಟ್ ಎಂಬ ತಂತ್ರಾಂಶ ಹೊಸ ಹಸ್ತಪ್ರತಿಯನ್ನು ಅದರೊಂದಿಗೆ ಹೋಲಿಸುತ್ತದೆ. ಬರುವ ಶೇಕಡಾವಾರನ್ನು ತೀರ್ಪೆಂದು ತಿಳಿಯಬೇಡಿ. ಉಲ್ಲೇಖ ಪಟ್ಟಿ ಮತ್ತು ವಿಧಾನದ ಸಿದ್ಧ ವಾಕ್ಯಗಳಿಂದಲೇ ಶೇ. 30 ಬರಬಹುದು. ಶೇ. 8 ಬಂದು, ಅದಷ್ಟೂ ಒಂದೇ ಮೂಲದ ಒಂದೇ ತುಂಡಾಗಿದ್ದರೆ ಹೆಚ್ಚು ಅನುಮಾನಪಡಬೇಕು. ಒಂದೇ ಹಸ್ತಪ್ರತಿಯನ್ನು ಏಕಕಾಲಕ್ಕೆ ಎರಡು ಜರ್ನಲ್‌ಗೆ ಕಳಿಸಿದ್ದು ಈ ಹೋಲಿಕೆಯಲ್ಲಿ ಸಿಗುವುದಿಲ್ಲ, ಏಕೆಂದರೆ ಎರಡೂ ಇನ್ನೂ ಪ್ರಕಟವಾಗಿಲ್ಲ. ಪ್ರಕಾಶಕರ ಸಂಘವಾದ ಎಸ್‌ಟಿಎಂನ ಇಂಟೆಗ್ರಿಟಿ ಹಬ್ ಹುಟ್ಟಿದ್ದು ಇಂಥ ಕಾರಣಗಳಿಂದ. ಹಸ್ತಪ್ರತಿಯ ಗುಟ್ಟು ಬಿಟ್ಟುಕೊಡದೆ ಪ್ರಕಾಶಕರ ನಡುವೆ ಹುಡುಕುವ ವ್ಯವಸ್ಥೆ ಅದರಲ್ಲಿದೆ.

ಎಲ್ಲಕ್ಕಿಂತ ಹೆಚ್ಚು ಎಡವುವುದು ಲೇಖನ ಹಿಂತೆಗೆಯುವಾಗ. ತಪ್ಪು ಗೊತ್ತಾದ ಕೂಡಲೇ ಪಿಡಿಎಫ್ ಅಳಿಸಿಬಿಡುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ಹಾನಿಯಿಲ್ಲ: ಅದನ್ನು ಈಗಾಗಲೇ ಉಲ್ಲೇಖಿಸಿದವರಿಗೆ ಏನಾಯಿತೆಂದೇ ತಿಳಿಯುವುದಿಲ್ಲ. 1997ರಲ್ಲಿ ಶುರುವಾದ, ಪ್ರಕಟಣಾ ನೀತಿಯನ್ನು ನೋಡಿಕೊಳ್ಳುವ ಸಮಿತಿಯಾದ ಕೋಪ್‌ನ ಮಾರ್ಗಸೂಚಿಯಂತೆ ಮೂಲ ಲೇಖನವನ್ನು ಸಾಮಾನ್ಯವಾಗಿ ತೆಗೆಯುವಂತಿಲ್ಲ. ಹಿಂತೆಗೆಯಲಾಗಿದೆ ಎಂಬ ಗುರುತು ಎದ್ದು ಕಾಣಬೇಕು. ಯಾರು, ಏಕೆ ಹಿಂತೆಗೆದರು ಎಂಬ ಪ್ರಕಟಣೆ ಎಲ್ಲರಿಗೂ ಉಚಿತವಾಗಿ ಸಿಗಬೇಕು. ಪ್ರಾಮಾಣಿಕ ತಪ್ಪೋ ವಂಚನೆಯೋ ಎಂಬುದೂ ಅದರಲ್ಲಿ ತಿಳಿಯಬೇಕು, ಇಲ್ಲವಾದರೆ ತಾನಾಗಿ ತಪ್ಪೊಪ್ಪಿಕೊಂಡ ಲೇಖಕರಿಗೆ ಅನ್ಯಾಯವಾಗುತ್ತದೆ.

ಇಷ್ಟಕ್ಕೇ ನಿಲ್ಲಿಸಬೇಡಿ. ಪ್ರಕಟಣೆಗೆ ಪ್ರತ್ಯೇಕ ಡಿಒಐ ಪಡೆದು, ಅದು ಮೂಲ ಡಿಒಐನ ಹಿಂತೆಗೆತ ಎಂದು ಕ್ರಾಸ್‌ರೆಫ್‌ಗೆ ತಿಳಿಸಬೇಕು. ವೆಬ್‌ಸೈಟಿನಲ್ಲಿ ಮಾತ್ರ ಬರೆದರೆ ಆ ಪುಟಕ್ಕೆ ಬಂದವರಿಗಷ್ಟೇ ಗೊತ್ತಾಗುತ್ತದೆ. ಹಿಂತೆಗೆದ ಲೇಖನಗಳನ್ನು ದಾಖಲಿಸುವ ರಿಟ್ರ್ಯಾಕ್ಷನ್ ವಾಚ್ ಡೇಟಾಬೇಸನ್ನು 2023ರಲ್ಲಿ ಕ್ರಾಸ್‌ರೆಫ್ ಪಡೆದು ಎಲ್ಲರಿಗೂ ತೆರೆದಿಟ್ಟಿತು. ಉಲ್ಲೇಖಗಳನ್ನು ಜೋಡಿಸಿಡುವ ತಂತ್ರಾಂಶವಾದ ಝೊಟೇರೊದಲ್ಲಿ ಇಂಥ ಲೇಖನ ಉಳಿಸಿಕೊಂಡಿದ್ದರೆ ಎಚ್ಚರಿಕೆ ಕಾಣುವುದು ಈ ಡೇಟಾದಿಂದಲೇ.

ಜರ್ನಲ್ಲೇ ಮುಚ್ಚಿದರೆ? ಕ್ಲಾಕ್ಸ್, ಪೋರ್ಟಿಕೊ ಎಂಬ ಡಿಜಿಟಲ್ ಸಂಗ್ರಹಾಲಯಗಳಲ್ಲಿ ಮೊದಲೇ ಪ್ರತಿ ಇಟ್ಟಿರಬೇಕು. ಪ್ರಕಾಶಕರು, ಗ್ರಂಥಾಲಯಗಳು ಸೇರಿ ನಡೆಸುವ ಕ್ಲಾಕ್ಸ್‌ನಲ್ಲಿ ಬೇರೆಲ್ಲೂ ಸಿಗದಂತಾದ ಲೇಖನವನ್ನು ಎಲ್ಲರಿಗೂ ಮುಕ್ತವಾಗಿ ತೆರೆಯುತ್ತಾರೆ. ನಿಮ್ಮದೇ ಸರ್ವರ್‌ನ ಬ್ಯಾಕಪ್ ಇದಕ್ಕೆ ಸಮವಲ್ಲ.

ಹೊಸಬರು ಮೊದಲು ಜರ್ನಲ್‌ನ ಗುರುತಿನ ಸಂಖ್ಯೆಯಾದ ಐಎಸ್‌ಎಸ್‌ಎನ್ ಪಡೆಯಿರಿ, ಬಳಿಕ ಕ್ರಾಸ್‌ರೆಫ್ ಸದಸ್ಯತ್ವ. ನೇರವಾಗಿ ಸೇರುವುದು ಕಷ್ಟವಾದರೆ ಪ್ರಾಯೋಜಕ ಸಂಸ್ಥೆಯ ಮೂಲಕ ಸೇರಬಹುದು. ನೋಂದಾಯಿಸುವಾಗ ಲೇಖಕರನ್ನು ಗುರುತಿಸುವ ಆರ್ಕಿಡ್ ಸಂಖ್ಯೆ, ಉಲ್ಲೇಖ ಪಟ್ಟಿ, ಪರವಾನಗಿಯ ವಿಳಾಸ ಮೂರನ್ನೂ ತುಂಬಿ. ಪುಟದಲ್ಲಿ ‘ಮುಕ್ತ’ ಎಂದು ಬರೆದು ಮೆಟಾಡೇಟಾದಲ್ಲಿ ಪರವಾನಗಿ ಬಿಟ್ಟರೆ ಯಂತ್ರಗಳಿಗೆ ಅದು ಮುಕ್ತವಲ್ಲ. ಮುಕ್ತ ಜರ್ನಲ್‌ಗಳ ಸೂಚಿಯಾದ ಡಿಒಎಜೆಗೆ ಅರ್ಜಿ ಹಾಕಲು ಅವಸರ ಬೇಡ: ಜರ್ನಲ್ ಪ್ರಕಟವಾಗತೊಡಗಿ ಒಂದು ವರ್ಷ ದಾಟಿರಬೇಕು, ಇಲ್ಲವೇ ಕನಿಷ್ಠ 10 ಮುಕ್ತ ಸಂಶೋಧನಾ ಲೇಖನಗಳು ಬಂದಿರಬೇಕು.