ಹಳೆಯ ಹಾಯಿದೋಣಿ: ಕಟರ್ ಕೊಳ್ಳಬೇಕೆ, ಕೆಚ್ ಕೊಳ್ಳಬೇಕೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಮೇರಿಲ್ಯಾಂಡಿನ ಅನಾಪೊಲಿಸ್ ಹತ್ತಿರ ನೀವು ಗಂಡ ಹೆಂಡತಿ ಇಬ್ಬರೇ ಇದ್ದೀರಿ. ಒಂದೆರಡು ಬೇಸಿಗೆ ಚೆಸಪೀಕ್ ಕೊಲ್ಲಿಯಲ್ಲಿ ಕೈ ಪಳಗಿಸಿಕೊಂಡು, ಆಮೇಲೆ ಒಂದು ಶರತ್ಕಾಲದಲ್ಲಿ ದಕ್ಷಿಣಕ್ಕೆ ಇಳಿದು, ಫ್ಲೋರಿಡಾದಿಂದ ಬಹಾಮಾಸ್‌ಗೆ ದಾಟುವ ಆಸೆ. ಬೆಲೆಯಲ್ಲಿ ಹೆಚ್ಚು ಅಂತರವಿಲ್ಲದ ಎರಡು ಹಳೆಯ ದೋಣಿಗಳು ಸಿಕ್ಕಿವೆ: ಒಂದು ತಯಾನಾ 37, ಒಂದೇ ಕೂವೆಮರದ (ಹಾಯಿ ಕಟ್ಟುವ ಕಂಬದ) ಕಟರ್, ಇನ್ನೊಂದು ಪಿಯರ್ಸನ್ 365, ಎರಡು ಕೂವೆಮರಗಳ ಕೆಚ್. ಇಬ್ಬರೇ ನಡೆಸುವುದಾದರೆ ಕೆಚ್ ಸುಲಭ ಎಂದು ಒಬ್ಬರು, ಸಮುದ್ರಕ್ಕೆ ಕಟರೇ ಸರಿ ಎಂದು ಇನ್ನೊಬ್ಬರು ಹೇಳುತ್ತಿದ್ದಾರೆ. ಯಾರನ್ನು ನಂಬಲಿ ಎಂದು ಕೇಳಿದ್ದೀರಿ.

ನೀವು ಹೇಳಿದ ಪ್ರಯಾಣಕ್ಕೆ ನಾನಾದರೆ ಪಿಯರ್ಸನ್ ಕೊಳ್ಳುತ್ತೇನೆ. ಆದರೆ ಅದಕ್ಕೆ ಎರಡು ಕೂವೆಮರಗಳಿವೆ ಎಂಬ ಕಾರಣಕ್ಕಲ್ಲ. ನಾನೂ ನನ್ನ ಹೆಂಡತಿಯೂ ವರ್ಷಗಳಿಂದ ಇದೇ ಕೊಲ್ಲಿಯಲ್ಲಿ ಹಳೆಯ ಕೆಚ್ ಒಂದನ್ನು ನಡೆಸುತ್ತಿದ್ದೇವೆ. ಸ್ನೇಹಿತರ ಕಟರಿನಲ್ಲಿ ಫ್ಲೋರಿಡಾದವರೆಗೂ ಹೋಗಿ ಬಂದಿದ್ದೇನೆ. ಎರಡರ ಮೇಲೂ ಪ್ರೀತಿ ಇರುವವನಾಗಿ ಹೇಳುತ್ತಿದ್ದೇನೆ: ನಿಮ್ಮ ಆಯ್ಕೆಯಲ್ಲಿ ಹಾಯಿಗಳ ವಿನ್ಯಾಸ ಮೂರನೆಯ ಮಾತು. ದೋಣಿಯ ಅಡಿ ನೀರಿನಲ್ಲಿ ಎಷ್ಟು ಇಳಿಯುತ್ತದೆ ಎಂಬುದು ಮೊದಲನೆಯದು. ಕೂವೆಯನ್ನು ಎಳೆದು ನಿಲ್ಲಿಸಿರುವ ಉಕ್ಕಿನ ಸ್ಥಿತಿ ಎರಡನೆಯದು.

ಆದರೂ ನೀವು ಕೇಳಿದ್ದು ವಿನ್ಯಾಸದ ಬಗ್ಗೆ. ಸ್ಲೂಪ್ ಎಂದರೆ ಒಂದು ಕೂವೆ, ಮುಂದೆ ಒಂದು ಹಾಯಿ. ಕಟರಿನಲ್ಲಿ ಒಂದೇ ಕೂವೆಯ ಮುಂದೆ ಎರಡು ಹಾಯಿಗಳು, ಹೊರಗೆ ದೊಡ್ಡದು, ಒಳಗೆ ಸ್ಟೇಸೈಲ್ ಎಂಬ ಚಿಕ್ಕದು. ಕೆಚ್‌ನಲ್ಲಿ ಹಿಂಭಾಗದಲ್ಲಿ, ಚುಕ್ಕಾಣಿಗಿಂತ ಸ್ವಲ್ಪ ಮುಂದೆ, ಮಿಝನ್ ಎಂಬ ಗಿಡ್ಡ ಕೂವೆ ಇನ್ನೊಂದಿರುತ್ತದೆ. ಹಾಯಿಯನ್ನು ಹೀಗೆ ತುಂಡು ತುಂಡಾಗಿ ಹಂಚಿದ್ದು ಹಗ್ಗ ಬಿಗಿಯುವ ಒಳ್ಳೆಯ ವಿಂಚ್‌ಗಳೂ ಹಾಯಿ ಸುತ್ತಿಡುವ ಫರ್ಲರ್‌ಗಳೂ ಇಲ್ಲದ ಕಾಲದಲ್ಲಿ. ಆಗ ಒಂದೊಂದು ಹಾಯಿಯನ್ನೂ ಮನುಷ್ಯನ ತೋಳಿಗೆ ನಿಲುಕುವಷ್ಟು ಚಿಕ್ಕದಾಗಿಸುವುದೇ ದಾರಿಯಾಗಿತ್ತು. ಇಂದು 37 ಅಡಿಯ ದೋಣಿಯ ಮುಖ್ಯ ಹಾಯಿಯನ್ನು ಆರೋಗ್ಯವಂತರಾದ ಇಬ್ಬರು ಯಾವ ವಿನ್ಯಾಸದಲ್ಲಾದರೂ ಸಂಭಾಳಿಸಬಹುದು. ಹಾಗಾಗಿ "ಇಬ್ಬರಿಗೆ ಕೆಚ್" ಎಂಬ ಮಾತಿನ ತೂಕ ಈ ಅಳತೆಯ ದೋಣಿಗೆ ಬಹಳ ಕಡಿಮೆಯಾಗಿದೆ.

ಪೂರ್ತಿ ಹೋಗಿಲ್ಲ ಎಂಬುದೂ ನಿಜ. ಜುಲೈ ತಿಂಗಳ ಮಧ್ಯಾಹ್ನ ಪಶ್ಚಿಮದಿಂದ ಗುಡುಗಿನ ಮೋಡ ಎದ್ದಾಗ ಚೆಸಪೀಕ್ ಹೇಗಿರುತ್ತದೆ ಎಂಬುದನ್ನು ನೀವು ಬೇಗನೆ ನೋಡುತ್ತೀರಿ. ಅಲ್ಲಿಯವರೆಗೆ ಉಸಿರುಗಟ್ಟಿಸುವಂತಿದ್ದ ಗಾಳಿ ತಟ್ಟನೆ ತಣ್ಣಗಾಗುತ್ತದೆ, ನೀರಿನ ಬಣ್ಣ ಸೀಸದಂತಾಗುತ್ತದೆ, ಕೈಯಲ್ಲಿರುವುದು ಕೆಲವೇ ನಿಮಿಷ. ಅಂಥ ಹೊತ್ತಿನಲ್ಲಿ ನಾವು ಮಾಡುವುದು ಇಷ್ಟೇ: ಮುಖ್ಯ ಹಾಯಿಯನ್ನು ಪೂರ್ತಿ ಇಳಿಸಿ ಕಟ್ಟುತ್ತೇವೆ, ಮುಂದಿನ ಜಿಬ್ ಅನ್ನು ಅರ್ಧಕ್ಕೆ ಸುತ್ತುತ್ತೇವೆ, ಹಿಂದಿನ ಮಿಝನ್ ಕೂವೆಯ ಹಾಯಿಯನ್ನು ಹಾಗೆಯೇ ಬಿಡುತ್ತೇವೆ. ಮುಂದೊಂದು ಹಿಂದೊಂದು ಚಿಕ್ಕ ಹಾಯಿ ಉಳಿದು ದೋಣಿಯ ಸಮತೋಲ ಕೆಡುವುದಿಲ್ಲ, ಚುಕ್ಕಾಣಿ ಕೈಯಲ್ಲಿ ಹಗುರವಾಗಿಯೇ ಇರುತ್ತದೆ. ಲಂಗರು ಹಾಕಿದಾಗ ಮಿಝನ್ ಅನ್ನು ದೋಣಿಯ ನಡುಗೆರೆಗೆ ಬಿಗಿದರೆ ಮೂತಿ ಗಾಳಿಗೆ ನೇರ ನಿಲ್ಲುತ್ತದೆ. ಅಕ್ಕಪಕ್ಕದ ದೋಣಿಗಳು ರಾತ್ರಿಯಿಡೀ ಅತ್ತಿತ್ತ ತೂಗುತ್ತಿದ್ದರೂ ನಾವು ನೆಮ್ಮದಿಯಾಗಿ ಮಲಗುತ್ತೇವೆ. ಈ ಎರಡು ಸುಖಗಳಿಗಾಗಿ ನಾನು ನನ್ನ ಕೆಚ್ ಅನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಕಟರಿನ ಉತ್ತರವೂ ಕಡಿಮೆಯದಲ್ಲ. ಗಾಳಿ ಏರಿದಂತೆ ಹೊರಗಿನ ದೊಡ್ಡ ಹಾಯಿಯನ್ನು ಸುತ್ತಿಬಿಟ್ಟು, ಮುಖ್ಯ ಹಾಯಿಯನ್ನು ಎರಡು ಹಂತ ರೀಫ್ ಮಾಡಿ (ಮಡಚಿ ಕಿರಿದಾಗಿಸಿ), ಸ್ಟೇಸೈಲ್ ಉಳಿಸಿಕೊಂಡರೆ ಒತ್ತಡವೆಲ್ಲ ದೋಣಿಯ ನಡುವಿಗೆ ಬರುತ್ತದೆ. ಒರಟು ಸಮುದ್ರದಲ್ಲಿ ಇದಕ್ಕಿಂತ ಸ್ಥಿರವಾದ ಏರ್ಪಾಟನ್ನು ನಾನು ಕಂಡಿಲ್ಲ. ಗಾಳಿಗೆ ಎದುರಾಗಿ ಏರುವಾಗಲೂ ಕಟರೇ ಮುಂದು. ಮುಖ್ಯ ಹಾಯಿ ಕೆಡಿಸಿ ಕಳಿಸಿದ ಗಾಳಿಯಲ್ಲಿ ನಿಲ್ಲುವ ಮಿಝನ್ ಆಗ ಹೆಚ್ಚೇನೂ ಎಳೆಯುವುದಿಲ್ಲ. ಕಟರಿನ ಕಿರಿಕಿರಿ ದಿಕ್ಕು ಬದಲಿಸುವಾಗ: ಹೊರಗಿನ ದೊಡ್ಡ ಹಾಯಿ ಸ್ಟೇಸೈಲ್ ಕಟ್ಟಿರುವ ಒಳಗಿನ ಸ್ಟೇ ತಂತಿಗೆ ಉಜ್ಜಿಕೊಂಡು ಸಂದಿಯಲ್ಲಿ ನುಸುಳಬೇಕು. ಕಿರಿದಾದ ನದಿಯಲ್ಲಿ ಪದೇ ಪದೇ ತಿರುಗಬೇಕಾದಾಗ ತಾಳ್ಮೆ ಬೇಕಾಗುತ್ತದೆ.

ಸಮುದ್ರಕ್ಕೆ ಯಾವುದು ಸರಿ ಎಂಬ ವಾದಕ್ಕೆ ಭಾರತದ ನಾವಿಕ ಅಭಿಲಾಷ್ ಟಾಮಿ ಅವರ ಎರಡು ಯಾನಗಳನ್ನು ನೋಡಿ. ಒಬ್ಬೊಬ್ಬರೇ ಹಾಯಿದೋಣಿಯಲ್ಲಿ ಭೂಮಿ ಸುತ್ತುವ 2018ರ ಗೋಲ್ಡನ್ ಗ್ಲೋಬ್ ರೇಸಿಗೆ ಅವರು ಹೊರಟದ್ದು ಗೋವಾದಲ್ಲಿ ಕಟ್ಟಿದ ತುರಿಯಾ ಎಂಬ ಕೆಚ್‌ನಲ್ಲಿ. ಅದು, ರಾಬಿನ್ ನಾಕ್ಸ್-ಜಾನ್‌ಸ್ಟನ್ 1968-69ರಲ್ಲಿ ಒಬ್ಬರೇ ಎಲ್ಲೂ ನಿಲ್ಲದೆ 312 ದಿನಗಳಲ್ಲಿ ಭೂಮಿ ಸುತ್ತಿ ಬಂದ ಸುಹೈಲಿಯ ಪ್ರತಿರೂಪ. ಸುಹೈಲಿಯನ್ನು ಮುಂಬಯಿಯಲ್ಲಿ ತೇಗದಿಂದ ಕಟ್ಟಲಾಗಿತ್ತು. ಆ ಸೆಪ್ಟೆಂಬರಿನಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿ ತುರಿಯಾವನ್ನು ಉರುಳಿಸಿ ಕೂವೆಯನ್ನು ಮುರಿಯಿತು, ಟಾಮಿ ಅವರ ಬೆನ್ನುಮೂಳೆಗೆ ಪೆಟ್ಟಾಯಿತು. ಮುಂದಿನ ರೇಸಿನಲ್ಲಿ ಅವರು ಒಂದೇ ಕೂವೆಯ ರಸ್ಲರ್ 36 ತೆಗೆದುಕೊಂಡು ಹೋಗಿ 2023ರ ಏಪ್ರಿಲಿನಲ್ಲಿ ಎರಡನೆಯವರಾಗಿ ಗುರಿ ಮುಟ್ಟಿದರು. ಅದನ್ನು ಗೆದ್ದ ಕರ್ಸ್ಟನ್ ನಾಯ್‌ಶೇಫರ್ ಅವರದು ಕಟರ್. ಇದರಿಂದ ಕೆಚ್ ದುರ್ಬಲ ಎಂದು ತೀರ್ಮಾನಿಸಿದರೆ ಸುಹೈಲಿಗೆ ಅನ್ಯಾಯವಾಗುತ್ತದೆ. ಅಂಥ ಅಲೆ ಅಡ್ಡಲಾಗಿ ಬಡಿದರೆ ಯಾವ ವಿನ್ಯಾಸವೂ ಸುರಕ್ಷಿತವಲ್ಲ. ಬಹಾಮಾಸ್‌ಗೆ ಹೋಗುವ ನೀವು ಅಂಥ ಸಮುದ್ರವನ್ನು ಎದುರಿಸುವುದೂ ಇಲ್ಲ.

ನೀವು ಎದುರಿಸುವುದು ಆಳವಿಲ್ಲದ ನೀರನ್ನು. ಚೆಸಪೀಕ್‌ನ ಸರಾಸರಿ ಆಳ 21 ಅಡಿ ಎಂದು ಹೇಳುತ್ತಾರೆ, ಆದರೆ ರಾತ್ರಿ ತಂಗಲು ಮನಸ್ಸಾಗುವ ಕಡಲಕೊರಕಲುಗಳಲ್ಲಿ ಆರೇಳು ಅಡಿ ಸಿಕ್ಕಿದರೆ ಪುಣ್ಯ. ನಾರ್ಫೋಕ್‌ನಿಂದ ದಕ್ಷಿಣಕ್ಕೆ ಹೋಗುವ ಒಳನಾಡಿನ ಜಲಮಾರ್ಗದ ಆಳ ಕಾಗದದ ಮೇಲೆ 12 ಅಡಿ. ಮರಳು ತುಂಬಿಕೊಂಡ ಜಾಗಗಳಲ್ಲಿ ಇಳಿತದ ಹೊತ್ತಿಗೆ ಅದರ ಅರ್ಧವೂ ಇರುವುದಿಲ್ಲ. ಬಹಾಮಾಸ್‌ನ ಮರಳುದಿಬ್ಬಗಳ ಮೇಲೂ ಇದೇ ಕಥೆ. ಪಿಯರ್ಸನ್ 365 ನೀರಿನಲ್ಲಿ ಇಳಿಯುವುದು ನಾಲ್ಕೂವರೆ ಅಡಿ. ತಯಾನಾ 37 ಇಳಿಯುವುದು 5 ಅಡಿ 8 ಅಂಗುಲ. ಈ ಒಂದಡಿ ಎರಡಂಗುಲದ ಅಂತರ ನಿಮ್ಮ ಪ್ರಯಾಣದ ಪ್ರತಿ ಸಂಜೆಯೂ, ಎಲ್ಲಿ ತಂಗುವುದು ಎಂದು ನಕ್ಷೆ ಬಿಚ್ಚಿದಾಗಲೆಲ್ಲ ಎದುರಿಗೆ ಬರುತ್ತದೆ. ಎರಡನೆಯ ಕೂವೆಯ ಉಪಯೋಗ ನೆನಪಾಗುವುದು ಅಪರೂಪಕ್ಕೆ.

ಎತ್ತರದ ವಿಷಯದಲ್ಲಿ ಎರಡಕ್ಕೂ ಹೆಚ್ಚು ತೊಂದರೆಯಿಲ್ಲ. ಆ ಜಲಮಾರ್ಗದ ಸ್ಥಿರ ಸೇತುವೆಗಳ ಕೆಳಗೆ ಸಾಮಾನ್ಯವಾಗಿ 65 ಅಡಿ ತೆರವು ಇರುತ್ತದೆ. ಮಯಾಮಿಯ ಜೂಲಿಯಾ ಟಟಲ್ ಸೇತುವೆಯಲ್ಲಿ ಮಾತ್ರ 56. ತುದಿಯ ಆಂಟೆನಾ ಸೇರಿಸಿ ನೀವೇ ಅಳೆದುಕೊಳ್ಳಿ, ಮಾರುವವರ ಬಾಯಿಮಾತನ್ನು ನಂಬಬೇಡಿ.

ನೀವು ಮುಂದೊಂದು ದಿನ ಅಟ್ಲಾಂಟಿಕ್ ದಾಟಿ ಅಜೋರ್ಸ್‌ಗೆ ಹೋಗುತ್ತೇವೆ ಎಂದು ಬರೆದಿದ್ದರೆ ನನ್ನ ಉತ್ತರ ತಿರುಗುತ್ತಿತ್ತು. ರಾಬರ್ಟ್ ಪೆರ್ರಿ ರೂಪಿಸಿ ತೈವಾನ್‌ನಲ್ಲಿ ಕಟ್ಟಿದ ತಯಾನಾ 37 ಹತ್ತು ಟನ್ನಿನ ಗಟ್ಟಿಮುಟ್ಟಾದ ಸಾಗರದ ದೋಣಿ. ದೂರದ ಯಾನಗಳಲ್ಲಿ ಅದು ಗಳಿಸಿದ ಹೆಸರು ಸುಮ್ಮನೆ ಬಂದದ್ದಲ್ಲ. ಪಿಯರ್ಸನ್ ತೂಕ ಎಂಟು ಟನ್ನು. ಕೊಲ್ಲಿಯ ಬೇಸಿಗೆಯ ಮಂದ ಗಾಳಿಯಲ್ಲಿ ಎರಡೂ ಸೋಮಾರಿಗಳೇ, ತಯಾನಾ ಸ್ವಲ್ಪ ಹೆಚ್ಚು. ಇನ್ನೊಂದು ಮಾತು: ಹಲವು ತಯಾನಾಗಳಲ್ಲಿ ಡೀಸೆಲ್ ಟ್ಯಾಂಕ್ ಕಬ್ಬಿಣದ್ದು, ಅದೂ ಮುಂದಿನ ಮಂಚದ ಕೆಳಗೆ. ತುಕ್ಕು ಹಿಡಿದಿದೆಯೇ ನೋಡಿ. ಡೆಕ್ಕಿಗೆ ತೇಗದ ಹಲಗೆ ಹೊದಿಸಿದ್ದರೆ ಅದರ ನೂರಾರು ಸ್ಕ್ರೂಗಳಲ್ಲಿ ಒಂದೊಂದೂ ನೀರಿಗೆ ಬಾಗಿಲು. ಪಿಯರ್ಸನ್ ಡೆಕ್ಕಿನ ಒಳಪದರ ಬಾಲ್ಸಾ ಮರ. ಮೇಲೆ ನಡೆಯುವಾಗ ಕಾಲಡಿ ಮೆತ್ತಗೆನಿಸಿದರೆ ಒಳಗೆ ಕೊಳೆತಿದೆ ಎಂದೇ ತಿಳಿಯಿರಿ.

ಈಗ ಉಕ್ಕಿನ ವಿಷಯ. ಕೂವೆಯನ್ನು ಎಳೆದು ಹಿಡಿದ ತಂತಿಗಳು ಡೆಕ್ಕಿನ ಹತ್ತಿರ ಚೈನ್‌ಪ್ಲೇಟ್ ಎಂಬ ಪಟ್ಟಿಗಳಿಗೆ ಕೂಡಿಕೊಳ್ಳುತ್ತವೆ. ಆ ಪಟ್ಟಿ ಡೆಕ್ಕನ್ನು ತೂರಿ ಒಳಗೆ ಇಳಿಯುವ ಬೆರಳಗಲದ ಜಾಗ ಇದೆಯಲ್ಲ, ಅಲ್ಲಿಯೇ ದೋಣಿಯ ಆಯುಷ್ಯ ಬರೆದಿರುತ್ತದೆ. ಸ್ಟೇನ್‌ಲೆಸ್ ಉಕ್ಕಿಗೆ ತುಕ್ಕು ಹಿಡಿಯದಿರಲು ಗಾಳಿ ಬೇಕು. ನೀರು ಸೇರಿ ಗಾಳಿಯಾಡದ ಸಂದಿಯಲ್ಲಿ ಅದು ಹೊರಗೆ ಹೊಳೆಯುತ್ತಲೇ ಒಳಗೆ ಸೀಳುತ್ತದೆ. ಒಳಗಿನ ಕಪಾಟಿನ ಹಲಗೆ ಕಳಚಿ ಟಾರ್ಚ್ ಹಿಡಿದು ನೋಡಿ. ಬೋಲ್ಟಿನ ಕೆಳಗೆ ಒಂದು ಕಂದು ಗೆರೆ ಇಳಿದಿದ್ದರೆ, ಆ ಪಟ್ಟಿಯನ್ನು ಹೊರತೆಗೆದು ನೋಡುವವರೆಗೆ ಅದನ್ನು ನಂಬಬೇಡಿ. ತಂತಿಗಳ ತುದಿಯ ಒತ್ತುಜೋಡಣೆಯ ಮೇಲೆ ಬೆರಳ ಉಗುರು ಎಳೆದರೆ ಕೂದಲೆಳೆಯಂಥ ಬಿರುಕೂ ಸಿಕ್ಕುತ್ತದೆ. ತಂತಿಗಳಿಗೆ ಹತ್ತು ಹದಿನೈದು ವರ್ಷ ಮೀರಿದ್ದರೆ ಹೊಸದು ಹಾಕಿಸುವ ಖರ್ಚನ್ನು ಬೆಲೆಗೆ ಈಗಲೇ ಸೇರಿಸಿ ಲೆಕ್ಕ ಹಾಕಿ. ವಿಮೆ ಕಂಪನಿಗಳೂ ತಂತಿಯ ವಯಸ್ಸನ್ನು ಕೇಳುತ್ತವೆ. ಕೆಚ್ ಆದರೆ ತಂತಿ, ಅದನ್ನು ಬಿಗಿಯುವ ಟರ್ನ್‌ಬಕಲ್, ಚೈನ್‌ಪ್ಲೇಟ್ ಎಲ್ಲವೂ ಹೆಚ್ಚು, ಬಿಲ್ಲೂ ಅದಕ್ಕೆ ತಕ್ಕಂತೆ. ಎರಡು ಕೂವೆಗಳ ತುದಿಗಳನ್ನು ಒಂದೇ ತಂತಿಯಿಂದ ಬಿಗಿದಿದ್ದರೆ ಒಂದು ಬೀಳುವಾಗ ಇನ್ನೊಂದನ್ನೂ ಎಳೆದುಕೊಂಡು ಬೀಳಬಹುದು ಎಂಬುದನ್ನೂ ನೆನಪಿಡಿ.

ಹೀಗಾಗಿ ಪಿಯರ್ಸನ್ ತಂತಿಗಳೆಲ್ಲ ಮೂಲದವೇ ಆಗಿದ್ದು, ತಯಾನಾದ ಮಾಲೀಕರು ಇತ್ತೀಚೆಗೆ ಎಲ್ಲ ಬದಲಿಸಿದ ರಸೀದಿ ತೋರಿಸಿದರೆ ಮೇಲಿನ ನನ್ನ ಒಲವನ್ನು ಪಕ್ಕಕ್ಕಿಟ್ಟು ಎರಡರ ಒಟ್ಟು ಖರ್ಚನ್ನು ಮತ್ತೆ ಕೂಡಿಸಿ ನೋಡಿ. ಕೊಳ್ಳುವ ಮುನ್ನ ದೋಣಿ ಪರೀಕ್ಷಿಸುವ ಸಾಮಾನ್ಯ ಸರ್ವೆಯರ್‌ಗಳಲ್ಲಿ ಹೆಚ್ಚಿನವರು ಕೂವೆ ಹತ್ತುವುದಿಲ್ಲ. ಕೂವೆ, ತಂತಿಗಳ ಕೆಲಸ ಬಲ್ಲ ರಿಗ್ಗರ್ ಒಬ್ಬರನ್ನು ಬೇರೆಯಾಗಿ ಗೊತ್ತುಮಾಡಿ ತುದಿಯವರೆಗೆ ಹತ್ತಿಸಿ. ಅವರ ವರದಿ ಬಂದ ಮೇಲೆಯೇ ಖರೀದಿ ಎಂಬ ಷರತ್ತನ್ನು ಒಪ್ಪಂದದಲ್ಲಿ ಬರೆಸಿ. ಪರೀಕ್ಷಾರ್ಥ ಓಡಿಸುವ ದಿನ ದಲ್ಲಾಳಿಯನ್ನು ಸುಮ್ಮನೆ ಕೂರಿಸಿ, ನೀವಿಬ್ಬರೇ ಹಾಯಿ ಏರಿಸಿ, ರೀಫ್ ಮಾಡಿ, ಇಳಿಸಿ. ಇಬ್ಬರೂ ಸರದಿಯಂತೆ ಒಬ್ಬೊಬ್ಬರೇ ಮಾಡಿದರೆ ಇನ್ನೂ ಒಳ್ಳೆಯದು. ಎರಡೂ ದೋಣಿಗಳ ಚೈನ್‌ಪ್ಲೇಟ್ ಚಿತ್ರಗಳನ್ನು ಇಲ್ಲಿ ಹಾಕಿದರೆ ನೋಡಿ ಹೇಳುತ್ತೇನೆ.